ಮಳೆ ಬಾರದೆ ಅರಳಿದ ಬ್ವಾ ಸಿತ್ರೋನ್

"ಯಾರದು? ಅಲ್ಲೇ ನಿಲ್ಲು!"

ಎಡ್ಲೀನ್ ಪೊರಕೆ ಎತ್ತಿ ಹಿಡಿದು ಮೆಟ್ಟಿಲಿಳಿದಳು. ಬೆಳಗು ಆಗಷ್ಟೇ ಹರಿದಿತ್ತು. ಅಮ್ಮ ನೆಟ್ಟ ಗಿಡದ ಕೆಳಗೆ ಒಬ್ಬ ಗಂಡಸು ನಿಂತಿದ್ದ. ಕೈಯಲ್ಲಿ ಸಣ್ಣ ಚಾಕು!

ಅವನು ಓಡಲಿಲ್ಲ. ಮೆಲ್ಲಗೆ ತಿರುಗಿದ. ಅವಳಿಗಿಂತ ಅವನೇ ಹೆಚ್ಚು ಹೆದರಿದಂತಿತ್ತು.

"ಹತ್ತು ದಿನದ ಹಿಂದೆ ಇಲ್ಲಿ ಮಳೆ ಬಂತಾ?"

"ಕದಿಯೋಕೆ ಬಂದು ಮಳೆ ಬೆಳೆ ವಿಚಾರಿಸ್ತೀಯಾ?"

"ದಯವಿಟ್ಟು ಹೇಳಿ... ಬಂತಾ?"

ಆಗ ಅವಳು ಗಿಡವನ್ನು ನೋಡಿದಳು. ಪೊರಕೆ ಕೈ ಜಾರಿತು.

ಕೊಂಬೆ ಕೊಂಬೆಗೂ ಬಿಳಿ ಹೂ! ಪ್ರತಿ ಎಸಳಿನ ಮೇಲೂ ಯಾರೋ ಬೆರಳು ಕುಯ್ದುಕೊಂಡು ಚಿಮುಕಿಸಿದಂತೆ ಕೆಂಪು ಚುಕ್ಕೆ. ಆ ಪರಿಮಳಕ್ಕೆ ಅವಳಿಗೆ ಉಸಿರು ಕಟ್ಟಿತು.

ಲಾ ದಿಗ್ ದ್ವೀಪದಲ್ಲಿ ಆರು ವಾರಗಳಿಂದ ಹನಿ ಮಳೆಯಿಲ್ಲ. ಬ್ವಾ ಸಿತ್ರೋನ್ ಎಂಬ ಈ ಗಿಡ ತಾನಾಗಿ ಬೆಳೆಯುವುದು ಕಡಲಾಚೆಯ ಒಂದೇ ಒಂದು ಕಲ್ಲುಗುಡ್ಡದ ದ್ವೀಪದಲ್ಲಿ. ಜಡಿಮಳೆ ಹೊಡೆದ ಹತ್ತನೆಯ ದಿನಕ್ಕೆ ಅದು ಅರಳುತ್ತದೆ, ಮಳೆಯಿಲ್ಲದಿದ್ದರೆ ಇಲ್ಲ.

"ಹೊರಡು ಇಲ್ಲಿಂದ!" ಎಂದು ಕಿರುಚಿದಳು.

ಅವನು ಬೇಲಿಗೆ ಒರಗಿಸಿದ್ದ ಸೈಕಲ್ ಹತ್ತಿ ಹೊರಟುಹೋದ.

ಎಡ್ಲೀನ್ ಮತ್ತೆ ಗಿಡದ ಕಡೆ ತಿರುಗಿದಳು. 'ಇದು ಎರಡನೇ ಸಲ...'

ಅವಳ ಹುಟ್ಟುಹಬ್ಬ ಜೂನ್ ತಿಂಗಳಲ್ಲಿ, ಒಣಗಾಳಿಯ ಕಾಲದಲ್ಲಿ. ಅದಕ್ಕೆ ಹತ್ತು ದಿನ ಮೊದಲು ಅಮ್ಮ ತೊರೆಯಿಂದ ಇಪ್ಪತ್ತು ಕ್ಯಾನ್ ನೀರು ಹೊತ್ತು ಸುರಿದು, ಗಿಡಕ್ಕೆ ಮಳೆ ಬಂತೆಂದು ನಂಬಿಸಿ ಹೂ ಬಿಡಿಸುತ್ತಿದ್ದಳು. ಈ ವರ್ಷ ಮಾರ್ಚ್‌ನಲ್ಲಿ ಅಮ್ಮ ತೀರಿಕೊಂಡಳು. ಜೂನ್‌ನಲ್ಲಿ, ಸರಿಯಾಗಿ ಹುಟ್ಟುಹಬ್ಬದ ಬೆಳಗ್ಗೆ, ಗಿಡ ಅರಳಿತ್ತು! ಈಗ ಹುಟ್ಟುಹಬ್ಬ ಕಳೆದ ಮೇಲೆ ಮತ್ತೆ.

ಯಾರು ಹೊತ್ತಿದ್ದರು ಆ ನೀರನ್ನು?

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ತಾಂತ್ ಝೆರ್ಮೇನ್ ಬಂದರು. ಗಿಡ ನೋಡಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ನಿನ್ನಮ್ಮ ಇನ್ನೂ ಹೋಗಿಲ್ಲ ಕಣೇ!"

"ಹಾಗನ್ಬೇಡಿ ತಾಂತ್..."

"ಅನ್ನದೆ? ಬದುಕಿದ್ದಾಗಲೂ ನನ್ನ ಮಾತು ಕೇಳಿದವಳಲ್ಲ, ಸತ್ತ ಮೇಲೆ ಕೇಳ್ತಾಳಾ? ನೋಡು, ಸತ್ತವರು ಇವತ್ತು ನೀರು ಹೊತ್ತರೆ ನಾಳೆ ಬದುಕಿರೋರನ್ನೇ ಹೊತ್ಕೊಂಡು ಹೋಗ್ತಾರೆ. ಶನಿವಾರದೊಳಗೆ ಇದನ್ನ ಕಡಿ. ನೀನು ಕಡೀದಿದ್ರೆ ನಾನೇ ಕಡೀತೀನಿ!"

ಹಾಗೆಂದು ಹೆದರಿಸಿದರೂ ಹೋಗುವಾಗ ಒಂದು ಡಬ್ಬಿ ಬಾಳೆಹಣ್ಣಿನ ಲಾದೋಬ್ ಮೇಜಿನ ಮೇಲಿಟ್ಟು ಹೋದರು. ಕಾಯಿಹಾಲಿನಲ್ಲಿ ಬೇಯಿಸಿದ್ದು ಇನ್ನೂ ಬೆಚ್ಚಗಿತ್ತು.

ಎಡ್ಲೀನ್ ಅದನ್ನು ಮುಟ್ಟದೆ ಕಿಟಕಿಯ ಬಳಿ ಕೂತಳು. ಅಮ್ಮನದೆಂದು ಉಳಿದಿದ್ದು ಅದೊಂದೇ ಗಿಡ. ಆದರೆ ಆ ಕೆಂಪು ಚುಕ್ಕೆಗಳು ಕಿಟಕಿಯಾಚೆಯಿಂದ ಅವಳನ್ನೇ ನೋಡುತ್ತಿದ್ದವು...

ಶನಿವಾರ ಅವಳು ಕೊಡಲಿ ಹಿಡಿದು ಗಿಡದ ಬಳಿ ಹೋದಳು. ಗಾಳಿ ಇರಲಿಲ್ಲ. ಆದರೂ ಒಂದು ಹೂ ಕಳಚಿ ಅವಳ ಪಾದದ ಮೇಲೆ ಬಿತ್ತು.

"ಕ್ಷಮಿಸಮ್ಮ..."

ಕೊಡಲಿ ಎತ್ತಿದಳು. ಅಷ್ಟರಲ್ಲಿ ಕೆಳಗಿನ ಕೊಂಬೆಯ ಮೇಲೆ ಕಣ್ಣು ಬಿತ್ತು. ಗಾಳಿಗೆ ಸೀಳಿದ್ದ ಕೊಂಬೆ ಅದು. ಯಾರೋ ಅದಕ್ಕೆ ಕಡ್ಡಿ ಆನಿಸಿ, ನೀಲಿ ಬಟ್ಟೆಯ ಪಟ್ಟಿ ಸುತ್ತಿ, ಮಗುವಿನ ಮುರಿದ ಕೈಗೆ ಕಟ್ಟಿದಂತೆ ಮೆತ್ತಗೆ ಕಟ್ಟಿದ್ದರು.

'ಚಾಕು ಇದಕ್ಕಾ...?'

"ಕಡೀಬೇಡಿ!"

ಬೇಲಿಯಾಚೆ ಅವನೇ! ಏದುಸಿರು ಬಿಡುತ್ತಿದ್ದ. ಅವನ ನೀಲಿ ಅಂಗಿಯ ಅಂಚು ಹರಿದಿತ್ತು.

"ನಿಮ್ಮ ಚಿಕ್ಕಮ್ಮ ದೋಣಿಕಟ್ಟೆಯಲ್ಲಿ ನಿಂತು ಊರಿಗೆಲ್ಲ ಸಾರ್ತಿದ್ದಾರೆ. ಕಡೀಬೇಡಿ. ಜೂನ್‌ನಲ್ಲಿ ನೀರು ಹೊತ್ತಿದ್ದು ನಾನು."

ಅವನ ಹೆಸರು ಆರ್ಸೆನ್. ಸಸಿತೋಟದ ಕೆಲಸದವನು. ಅಮ್ಮನಿಗೆ ಈ ಸಸಿ ಕೊಟ್ಟವನೂ ಅವನೇ. ಎಡ್ಲೀನ್ ಅತಿಥಿಗೃಹದಲ್ಲಿ ಬಟ್ಟೆ ಒಗೆಯಲು ಹೋದ ಹಗಲುಗಳಲ್ಲಿ ಅಮ್ಮನ ಹಾಸಿಗೆಯ ಪಕ್ಕ ಕೂತು ಗಿಡದ ಮಾತಾಡುತ್ತಿದ್ದವನೂ ಅವನೇ.

"ನಿಮ್ಮಮ್ಮ, ಮಾದಾಂ ಕ್ಲೆಲಿ, ನನ್ನಿಂದ ಮಾತು ತಗೊಂಡಿದ್ರು. 'ನಾನಿಲ್ಲದ ಮೊದಲ ಹುಟ್ಟುಹಬ್ಬ. ನನ್ನ ಮಗಳು ಬರಿ ಗಿಡ ನೋಡ್ಬಾರ್ದು. ನೀನೇ ನೀರು ಹೊತ್ತು ಹಾಕು. ನೀನು ಅಂತ ಹೇಳ್ಬೇಡ, ಸ್ವಾಭಿಮಾನಿ ಹುಡುಗಿ, ಬೇಡ ಅಂತಾಳೆ' ಅಂದ್ರು. ನೀವು ಖುಷಿ ಪಡ್ತೀರಾ ಅಂದ್ಕೊಂಡೆ... ಹೆದರ್ತೀರಾ ಅಂತ ಇಬ್ಬರಿಗೂ ಹೊಳೀಲಿಲ್ಲ."

ಎಡ್ಲೀನ್‌ಳ ಕೊಡಲಿ ಕೆಳಗಿಳಿಯಿತು. ಅಳು, ನಗು ಎರಡೂ ಒಟ್ಟಿಗೆ ಬಂದವು.

"ಇಪ್ಪತ್ತು ಕ್ಯಾನ್?"

"ಇಪ್ಪತ್ತೆರಡು. ಎರಡು ದಾರೀಲಿ ಚೆಲ್ಲಿದೆ."

"ಈ ಸಲವೂ ಹೀಗೇ ಮಾಡಿ, ಏನೂ ಗೊತ್ತಿಲ್ಲದವರ ಹಾಗೆ ಮಳೆ ಬಂತಾ ಅಂತ ಕೇಳಿದ್ರಲ್ಲ! ನಾಟಕ!"

ಅವನು ನಗಲಿಲ್ಲ.

"ಈ ಸಲ ನಾನಲ್ಲ ಎಡ್ಲೀನ್."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಮಾತು ಕೊಟ್ಟಿದ್ದು ಜೂನ್‌ಗೆ ಮಾತ್ರ. ಅವತ್ತು ಬೆಳಗ್ಗೆ ಸೈಕಲ್‌ನಲ್ಲಿ ಹೋಗ್ತಿದ್ದೆ, ಪರಿಮಳ ಬಂತು. ಮಳೆಯಿಲ್ಲ, ನಾನು ನೀರು ಹಾಕಿಲ್ಲ... ಕಾಲು ತಾನಾಗೇ ಒಳಗೆ ಬಂತು. ಭಯದಲ್ಲಿ ಕೈಗೆ ಏನಾದ್ರೂ ಕೆಲಸ ಬೇಕಿತ್ತು, ಆ ಕೊಂಬೆ ಕಟ್ಟಿದೆ."

ಅವಳು ಬೆರಳು ಮಡಚಿ ಹಿಂದಕ್ಕೆ ಎಣಿಸಿದಳು. ಹೂ ಅರಳಿದ್ದು ಮಂಗಳವಾರ. ಅದಕ್ಕೆ ಹತ್ತು ದಿನ ಹಿಂದೆ... ಶನಿವಾರ.

ಆ ಶನಿವಾರ ಸಂಜೆ ಅವಳು ಇದೇ ಗಿಡದ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದಳು. 'ಅಮ್ಮಾ, ಈ ಮನೆಯಲ್ಲಿ ಮಾತಾಡೋಕೆ ಯಾರೂ ಇಲ್ಲ. ಯಾರನ್ನಾದರೂ ಕಳಿಸು...'

ಅದನ್ನು ಅವನಿಗೆ ಹೇಳಿದಳು. ಆರ್ಸೆನ್ ಗಿಡದ ಬುಡದ ಕಡೆ ನೋಡಿದ.

"ಇಪ್ಪತ್ತು ಕ್ಯಾನ್ ತುಂಬೋಷ್ಟು ಅತ್ರಾ?"

"ಹಾಸ್ಯ ಮಾಡ್ಬೇಡಿ!"

"ಇಲ್ಲ..." ಅವನ ಮಾತು ತಗ್ಗಿತು. "ಸಸಿತೋಟಕ್ಕೆ ಹೋಗೋ ದಾರಿ ಇದಲ್ಲ. ಅದು ಊರಿನ ಆ ಕಡೆ. ಜೂನ್‌ನಿಂದ ದಿನಾ ಈ ಬೇಲಿ ಮುಂದೆ ಹಾದುಹೋಗಿದ್ದು ಕೊಟ್ಟ ಮಾತಿಗಲ್ಲ. ನಿಮ್ಮನ್ನ ನೋಡೋಕೆ. ಕೂಗಿ ಕರೆಯೋ ಧೈರ್ಯ ಇರಲಿಲ್ಲ."

ಎಡ್ಲೀನ್ ಕೊಡಲಿಯನ್ನು ಗೋಡೆಗೆ ಒರಗಿಸಿದಳು. ಬೇಲಿಯ ಬಳಿ ಬಂದು ಅವನ ಹರಿದ ಅಂಗಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಒಳಗೆ ಬನ್ನಿ. ಹೊಲಿದು ಕೊಡ್ತೀನಿ."

ಒಳಗೆ ಹೋಗಿ ನಿಂಬೆಹುಲ್ಲಿನ ಚಹಾ ಕುದಿಸಿದಳು. ಬಗ್ಗಿಸಿದ ಮೇಲೆ ನೋಡಿದರೆ ಮೇಜಿನ ಮೇಲೆ ಲೋಟ ಮೂರಿದ್ದವು! ಯಾವಾಗ ಮೂರನೆಯದನ್ನು ತೆಗೆದಳೋ ಅವಳಿಗೇ ನೆನಪಿರಲಿಲ್ಲ.

ಆರ್ಸೆನ್ ಮೂರನೆಯ ಲೋಟವನ್ನು ಎತ್ತಿಕೊಂಡು ಹೋಗಿ ಗಿಡದ ಬುಡದಲ್ಲಿಟ್ಟು ಬಂದ.

"ಆರಿ ಹೋಗುತ್ತೆ..." ಎಂದಳು ಅವಳು, ಕಣ್ಣು ತುಂಬಿ.

"ಆರಲಿ. ಅವರು ಬಿಸಿ ಕುಡೀತಾನೇ ಇರ್ಲಿಲ್ಲ."

ಎಡ್ಲೀನ್ ಮೊದಲ ಸಲ ಅವನ ಕೈ ಹಿಡಿದಳು.

"ಹೆದರಿಕೆ ಆಗ್ತಿದ್ಯಾ?" ಅವನು ಕೇಳಿದ.

"ಹೂಂ... ನಿಮಗೆ?"

"ನನಗೂ."

"ಹಾಗಾದ್ರೆ ನಾಳೆನೂ ಬನ್ನಿ."