ಸೂಜಿಯ ಮೂರನೇ ಚೂರು

“ಕೈ ಅಲ್ಲಾಡಿಸ್ಬೇಡ ಕಣೇ, ಗೆರೆ ಸೊಟ್ಟ ಆಗುತ್ತೆ,” ಎನ್ನುತ್ತಾ ಡಾಕ್ಟರ್ ಆಂಟಿ ಗುಂಡಿಯ ಎಡಗೈ ತೋರುಬೆರಳಿನ ಬುಡದಲ್ಲಿ ನೀಲಿ ಪೆನ್ನಿನಿಂದ ಒಂದು ಗೆರೆ ಎಳೆದರು.

ಪೆನ್ನಿನ ತುದಿ ತಣ್ಣಗಿತ್ತು. ಬೆರಳು ಕೆಂಪಗೆ ಊದಿಕೊಂಡು ಕಾದಿತ್ತು, ಒಳಗೆ ಏನೋ ಡುಬ್ ಡುಬ್ ಎಂದು ಬಡಿಯುತ್ತಿತ್ತು.

“ಕೆಂಪು ಈ ಗೆರೆ ದಾಟಿದ್ರೆ ತಕ್ಷಣ ಬರ್ಬೇಕು. ಅದ್ಸರಿ, ಏನು ಚುಚ್ಚಿದ್ದು?”

“ಗುಲಾಬಿ ಮುಳ್ಳು,” ಎಂದಳು ಗುಂಡಿ. ಪಕ್ಕದಲ್ಲಿ ಕುಳಿತಿದ್ದ ಅಮ್ಮನ ಕಡೆ ಅವಳು ನೋಡಲಿಲ್ಲ.

ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಅಮ್ಮ ಟೈಲರ್. ಅಂಬೆಗಾಲಿಡುವಾಗ ಮಗಳು ಕಂಡ ಕಂಡ ಅಂಗಿ ಗುಂಡಿಯನ್ನೆಲ್ಲಾ ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಆ ಹೆಸರೇ ಅಂಟಿಕೊಂಡುಬಿಟ್ಟಿತು.

“ಒಂದು ಮುಳ್ಳು ಚುಚ್ಚಿದ್ರೆ ಇಷ್ಟೆಲ್ಲಾ ಆಗುತ್ತಾ ಆಂಟಿ?”

“ಮುಳ್ಳು ಬಾಗಿಲು ತೆಗೀತು ಅಷ್ಟೇ. ಒಳಗೆ ಬಂದೋರು ಬೇರೆ. ನಮ್ಮ ಚರ್ಮದ ಮೇಲೆ ಬ್ಯಾಕ್ಟೀರಿಯಾ ಯಾವಾಗ್ಲೂ ಓಡಾಡ್ಕೊಂಡೇ ಇರ್ತಾವೆ. ಚರ್ಮ ಗಟ್ಟಿಯಾಗಿರೋವರೆಗೂ ಅವುಗಳ ಆಟ ನಡೆಯಲ್ಲ. ಒಂದು ತೂತು ಸಿಕ್ತೋ, ನುಗ್ಗಿದ್ವು ಅಂತಾನೇ.”

“ಒಳಗೆ ಯಾರೂ ತಡೆಯಲ್ವಾ?”

“ತಡೀತಾರಪ್ಪಾ! ರಕ್ತದಲ್ಲಿ ಬಿಳಿ ಕಣಗಳು ಅಂತ ಕಾವಲುಗಾರರಿದ್ದಾರೆ. ಓಡಿ ಬಂದು ಬ್ಯಾಕ್ಟೀರಿಯಾನ ಹಿಡಿದು ನುಂಗ್ತಾರೆ. ನಿನ್ನ ಬೆರಳು ಬಿಸಿಯಾಗಿರೋದು ಆ ಜಗಳದಿಂದಾನೇ. ಇಲ್ಲಿ ಬೆಳ್ಳಗೆ ಕೀವು ಕಾಣ್ತಿದ್ಯಲ್ಲ, ಅದರ ತುಂಬಾ ಸತ್ತ ಕಾವಲುಗಾರರೇ.”

ಗುಂಡಿ ಬೆರಳನ್ನು ನೋಡಿದಳು. ತನ್ನ ಒಳಗೆ, ತನಗೆ ಗೊತ್ತೇ ಇಲ್ಲದೆ, ಯಾರೋ ಸಾಯುತ್ತಿದ್ದಾರೆ.

“ಕಾವಲುಗಾರರು ಸೋತ್ರೆ?”

“ಒಂದೊಂದ್ಸಲ ಸೋಲ್ತಾರೆ. ಕೆಲವು ಬ್ಯಾಕ್ಟೀರಿಯಾ ಮೈಗೆ ಜಾರೋ ಹೊದಿಕೆ ಹೊದ್ಕೋತಾವೆ, ಹಿಡಿಯೋಕೇ ಸಿಗಲ್ಲ. ಕೆಲವು ವಿಷ ಬಿಟ್ಟು ಕಾವಲುಗಾರರನ್ನೇ ಕೊಲ್ತಾವೆ. ಇನ್ನು ಮುಳ್ಳೋ ಗಾಜೋ ಒಳಗೇ ಉಳಿದಿದ್ರೆ ಮುಗೀತು ಕತೆ. ಅದಕ್ಕೆ ಅಂಟ್ಕೊಂಡು ಸುತ್ತ ಲೋಳೆ ಮನೆ ಕಟ್ಕೋತಾವೆ. ಕಾವಲುಗಾರರೂ ಒಳಗೆ ಹೋಗಲ್ಲ, ಮಾತ್ರೆನೂ ಸರಿಯಾಗಿ ತಾಗಲ್ಲ. ಅಲ್ಲೇ ಕೂತು ಸಂಸಾರ ಬೆಳೆಸ್ತಾವೆ.” ಆಂಟಿ ಕನ್ನಡಕದ ಮೇಲಿನಿಂದ ನೋಡಿದರು. “ಮುಳ್ಳು ಪೂರ್ತಿ ಬಂತು ತಾನೇ?”

“ಬಂತು.”

ಮುಳ್ಳೇ ಇರಲಿಲ್ಲ. ಬರುವುದೆಲ್ಲಿಂದ?

ಭಾನುವಾರ ಅಮ್ಮ ಅಳತೆ ತೆಗೆಯಲು ಹೋಗಿದ್ದಾಗ ಗುಂಡಿ ಮೆಷಿನ್ ಮುಂದೆ ಕುಳಿತಿದ್ದಳು. ಮುಟ್ಟಬಾರದು ಎಂದು ಅಮ್ಮ ಹೇಳಿ ಹೇಳಿ ಸಾಕಾಗಿತ್ತು. ಆದರೆ ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಜಿಪ್ ಇರುವ ಪೆನ್ಸಿಲ್ ಪೌಚ್ ಇತ್ತು. ಉಳಿದ ಬಟ್ಟೆ ಇತ್ತು, ಹಳೇ ಜಿಪ್ ಇತ್ತು. ಇನ್ನೇನು ಬೇಕು? ಒಂದು ಕಡೆ ಹೊಲಿದಾಗಿತ್ತು. ಇನ್ನೊಂದು ಕಡೆ ಸೂಜಿ ಜಿಪ್ಪಿನ ಹಲ್ಲಿಗೆ ಬಡಿಯಿತು. ಟಕ್! ಬೆರಳಿಗೆ ಚುರ್ ಎಂದಿತು. ಒಂದೇ ಹನಿ ರಕ್ತ. ಅವಳು ಬೆರಳನ್ನು ಚೀಪಿಕೊಂಡಳು.

ಅಮ್ಮ ಹಿಂದೆ ದೊಡ್ಡ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿದ್ದವಳು. ಅಲ್ಲಿಯ ಒಂದು ನಿಯಮವನ್ನು ಮನೆಗೂ ತಂದಿದ್ದಳು. ಸೂಜಿ ಮುರಿದರೆ ಪ್ರತಿಯೊಂದು ಚೂರೂ ಸಿಗಬೇಕು. ಚೂರುಗಳನ್ನು ಸೆಲ್ಲೋಟೇಪಿನ ಮೇಲೆ ಒಂದರ ಪಕ್ಕ ಒಂದಿಟ್ಟು ಸೂಜಿ ಪೂರ್ತಿಯಾಯಿತೆಂದು ನೋಡಬೇಕು. ಅಲ್ಲಿಯವರೆಗೆ ಒಂದು ಬಟ್ಟೆಯೂ ಹೊರಗೆ ಹೋಗಕೂಡದು. ಅಮ್ಮ ಹೊಲಿಯುವುದು ಎಳೆ ಮಕ್ಕಳ ಅಂಗಿ. ಮರೆತ ಒಂದು ಚೂರು ಯಾವ ಕೂಸಿನ ಮೈಗೆ ಚುಚ್ಚೀತೋ ಯಾರಿಗೆ ಗೊತ್ತು?

ಬುಡದ ಚೂರು ಮೆಷಿನ್‌ನಲ್ಲೇ ಇತ್ತು. ನಡುವಿನ ಚೂರು ನೆಲದಲ್ಲಿ ಸಿಕ್ಕಿತು. ತುದಿ ಮಾತ್ರ ಎಲ್ಲೂ ಇಲ್ಲ. ಗುಂಡಿ ಅಯಸ್ಕಾಂತ ಹಿಡಿದು ನೆಲವನ್ನೂ, ರಾಶಿ ಹಾಕಿದ್ದ ಪುಟ್ಟ ಪುಟ್ಟ ಅಂಗಿಗಳನ್ನೂ ಜಾಲಾಡಿದಳು. ಏನೂ ಅಂಟಲಿಲ್ಲ. ಅಷ್ಟರಲ್ಲಿ ಗೇಟು ಸದ್ದಾಯಿತು. ಹಿಂದೆ ಮುರಿದ ಸೂಜಿಗಳ ಟೇಪುಗಳನ್ನು ಅಮ್ಮ ಒಂದು ಡಬ್ಬಿಯಲ್ಲಿಟ್ಟಿದ್ದಳು. ಅದರಲ್ಲಿದ್ದ ಹಳೇ ಟೇಪಿನಿಂದ ಬೇರೆ ಸೂಜಿಯ ತುದಿಯೊಂದನ್ನು ಕಿತ್ತು ಗುಂಡಿ ಅಂಟಿಸಿಬಿಟ್ಟಳು.

ಮೆಷಿನ್ ಮುಟ್ಟಿದ್ದಕ್ಕೆ ಅಮ್ಮ ಚೆನ್ನಾಗಿ ಬೈದಳು. ಆಮೇಲೆ ಕೇಳಿದಳು, “ಚೂರೆಲ್ಲಾ ಸಿಕ್ತಾ?”

“ಸಿಕ್ತಮ್ಮ. ನೋಡು, ಮೂರೂ ಇದೆ.”

ಅವಸರದಲ್ಲಿದ್ದ ಅಮ್ಮ ಟೇಪನ್ನು ಒಮ್ಮೆ ಮಾತ್ರ ನೋಡಿದಳು. “ನೀನು ಹೇಳಿದ್ಮೇಲೆ ಮುಗೀತು,” ಎಂದು ಅಂಗಿಗಳನ್ನು ಚೀಲಕ್ಕೆ ತುಂಬಿ ಕಳಿಸಿಬಿಟ್ಟಳು. ಬೈಗುಳ ಗುಂಡಿಗೆ ಅವತ್ತೇ ಮರೆತುಹೋಯಿತು. ಆ ಮಾತು ಮಾತ್ರ ಮರೆಯಲಿಲ್ಲ.

ಮಾತ್ರೆ ತೆಗೆದುಕೊಂಡ ಮಾರನೇ ದಿನ ಗುಂಡಿ ಶಾಲೆಗೆ ಹೋದಳು. ಗಣಿತದ ಪೀರಿಯಡ್‌ನಲ್ಲಿ ಕ್ಲಾಸೆಲ್ಲಾ ತಲೆ ತಗ್ಗಿಸಿ ಲೆಕ್ಕ ಮಾಡುತ್ತಿತ್ತು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಡೆಸ್ಕಿನ ಕೆಳಗೆ ಕೈ ಬಿಡಿಸಿ ನೋಡಿದಳು.

ಕೆಂಪು ಆ ನೀಲಿ ಗೆರೆಯನ್ನು ದಾಟಿತ್ತು.

ದಾರದಷ್ಟು ತೆಳ್ಳಗಿನ ಒಂದು ಕೆಂಪು ಎಳೆ ಕೈಯ ಹಿಂಭಾಗದಲ್ಲಿ ಮಣಿಕಟ್ಟಿನವರೆಗೆ ಬಂದಿತ್ತು. ಅವಳು ಎಳೆ ನಿಂತ ಕಡೆ ತನ್ನ ಪೆನ್ನಿನಿಂದ ಇನ್ನೊಂದು ಗೆರೆ ಎಳೆದಳು. ನಿಲ್ಲು, ಇಲ್ಲೇ ನಿಲ್ಲು, ಎಂದು ಮನಸ್ಸಿನಲ್ಲೇ ಹೇಳಿದಳು.

“ಏನೇ ಅದು?” ಪಕ್ಕದಲ್ಲಿ ಕೂರುವ ಎರಡು ಜಡೆಯ ಗೆಳತಿ ಪಿಸುಗುಟ್ಟಿದಳು.

“ಏನಿಲ್ಲ.”

ಊಟದ ಬೆಲ್ ಹೊಡೆದಾಗ ಮತ್ತೆ ನೋಡಿದಳು. ಎಳೆ ಆ ಗೆರೆಯನ್ನೂ ದಾಟಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಎಲ್ಲರೂ ಲೆಕ್ಕ ಮಾಡುತ್ತಿದ್ದಾಗ ಅದು ತನ್ನ ಪಾಡಿಗೆ ತಾನು ಮೇಲೆ ನಡೆದುಕೊಂಡು ಬಂದಿತ್ತು. ಮೊಣಕೈಗೆ, ಭುಜಕ್ಕೆ, ಆಮೇಲೆ ಎಲ್ಲಿಗೆ?

ಮಾತ್ರೆಯೂ ಸರಿಯಾಗಿ ತಾಗಲ್ಲ ಎಂದಿದ್ದರು ಆಂಟಿ. ಏನಾದರೂ ಒಳಗೇ ಉಳಿದಿದ್ದರೆ.

ಗುಂಡಿ ಊದಿದ ಬೆರಳನ್ನು ನೋಡಿದಳು. ತುದಿ ನೆಲದಲ್ಲಿರಲಿಲ್ಲ. ಅಂಗಿಗಳಲ್ಲಿರಲಿಲ್ಲ. ಅಯಸ್ಕಾಂತ ಹಿಡಿದು ಮನೆಯೆಲ್ಲಾ ಹುಡುಕುವಾಗ ಅವಳು ಅದನ್ನು ತನ್ನ ಜೊತೆಯಲ್ಲೇ ಹೊತ್ತು ತಿರುಗಿದ್ದಳು.

ಟೀಚರ್‌ಗೆ ಕೈ ತೋರಿಸಿದಳು. ಅವರು ತಕ್ಷಣ ಅವಳನ್ನು ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟರು. ಅಮ್ಮ ಮೆಷಿನ್ ತುಳಿಯುತ್ತಿದ್ದಳು. ಟಕ ಟಕ ಟಕ. ಸೂಜಿ ಬಟ್ಟೆಯೊಳಗೆ ಇಳಿಯುವುದನ್ನು ನೋಡಿ ಗುಂಡಿ ಬಾಗಿಲಲ್ಲೇ ನಿಂತಳು.

“ಅಮ್ಮ, ಅವತ್ತು ನಾನು ಸುಳ್ಳು ಹೇಳ್ದೆ. ಮೂರನೇ ಚೂರು ಸಿಕ್ಕಿರ್ಲಿಲ್ಲ.”

ಮೆಷಿನ್ ನಿಂತಿತು. ಅಮ್ಮನ ಮುಖ ಬಿಳುಚಿಕೊಂಡಿತು. “ಅಯ್ಯೋ, ಅಂಗಿ ಎಲ್ಲಾ ಕಳಿಸಿಬಿಟ್ಟೆನಲ್ಲೇ! ಯಾವ ಅಂಗಿಲಿದೆಯೋ ಏನೋ!”

“ಅಂಗಿಲಿಲ್ಲಮ್ಮ. ನನ್ನೊಳಗಿದೆ.”

ಅಮ್ಮ ಬೈಯಲಿಲ್ಲ. ಮಡಿಲಲ್ಲಿದ್ದ ಕತ್ತರಿ ಎಲ್ಲಿ ಬಿತ್ತೆಂದೂ ನೋಡದೆ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು, ಮಗಳನ್ನು ಎಳೆದುಕೊಂಡೇ ಆಸ್ಪತ್ರೆಗೆ ಓಡಿದಳು.

ಎಕ್ಸ್‌ರೇಯಲ್ಲಿ ಬೆರಳಿನ ಮೂಳೆಗಳು ಮಸುಕಾಗಿ ಕಂಡವು. ಅವುಗಳ ಪಕ್ಕದಲ್ಲಿ, ಚೂಪಾಗಿ, ಬೆಳ್ಳಗೆ, ಅದು ಮಲಗಿತ್ತು. ಗುಂಡಿ ಕಣ್ಣು ಮುಚ್ಚಿಕೊಂಡಳು. ಬೆರಳು ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಸ್ಟೀಲ್ ತಟ್ಟೆಯಲ್ಲಿ ಟಿಣ್ ಎಂದು ಸಣ್ಣ ಸದ್ದಾಯಿತು. ಅಮ್ಮ ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟಳು.

“ಒಳ್ಳೇ ಟೈಮಿಗೆ ಹೇಳ್ದೆ ಕಣೇ,” ಎಂದರು ಡಾಕ್ಟರ್ ಆಂಟಿ. ಅವತ್ತು ಅವರು ತಮಾಷೆ ಮಾಡಲಿಲ್ಲ.

ಗುಂಡಿ ಕೆಲವು ದಿನ ಆಸ್ಪತ್ರೆಯಲ್ಲೇ ಇದ್ದು ಇಂಜೆಕ್ಷನ್ ತೆಗೆದುಕೊಂಡಳು. ಕೆಂಪು ಎಳೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿತು. ಪೆನ್ನಿನ ಗೆರೆಗಳು ಮಾತ್ರ ಕೈಮೇಲೆ ಉಳಿದವು. ಸ್ನಾನ ಮಾಡಿಸುವಾಗ ಅಮ್ಮ ಅವನ್ನು ಮೆತ್ತಗೆ ಉಜ್ಜಿ ತೆಗೆದಳು.

ಬ್ಯಾಂಡೇಜ್ ಬಿಚ್ಚಿದ ಮೇಲೆ ಒಂದು ಸಂಜೆ ಗುಂಡಿ ಮನೆಯಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಅಮ್ಮ ದಪ್ಪ ಬಟ್ಟೆಯೊಂದನ್ನು ಹೊಲಿಯುತ್ತಿದ್ದಳು. ಟಕ್!

ಇಬ್ಬರೂ ಅಲುಗಾಡಲಿಲ್ಲ.

ಆಮೇಲೆ ಅಮ್ಮ ಎಂದಿನಂತೆ ಅಯಸ್ಕಾಂತಕ್ಕೆ ಕೈ ಚಾಚಿದಳು. ಗುಂಡಿ ಎದ್ದು ಬಂದು ಆ ಕೈಯನ್ನು ಹಿಡಿದುಕೊಂಡಳು.

“ಮೊದಲು ನಿನ್ನ ಕೈ ತೋರಿಸಮ್ಮ.”

“ಏನಿಲ್ಲ ಕಣೇ.”

“ನಾನೂ ಏನಿಲ್ಲ ಅಂದಿದ್ದೆ. ತೋರಿಸು.”

ಅಮ್ಮ ಮೆಷಿನ್ ಬಿಟ್ಟು ಇತ್ತ ತಿರುಗಿದಳು. ಎರಡೂ ಕೈಗಳನ್ನು ಮಗಳ ಮುಂದೆ ಬಿಡಿಸಿದಳು. ಗುಂಡಿ ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಬೆರಳನ್ನು ನೋಡುತ್ತಾ ಹೋದಳು. ತುದಿಗಳು ಗಡುಸಾಗಿದ್ದವು. ಅಲ್ಲಲ್ಲಿ ಸೂಜಿ ಚುಚ್ಚಿದ ಹಳೇ ಚುಕ್ಕೆಗಳಿದ್ದವು. ಅವುಗಳಲ್ಲಿ ಒಂದರ ಬಗ್ಗೆಯೂ ಅವಳಿಗೆ ಗೊತ್ತಿರಲಿಲ್ಲ.

ನೆಲದಲ್ಲಿ ಚೂರುಗಳು ಬಿದ್ದಿದ್ದವು. ಅವನ್ನು ಆಮೇಲೆ ಹುಡುಕಿದರಾಯಿತು. ಅವಳು ಮುಂದಿನ ಬೆರಳನ್ನು ಹಿಡಿದುಕೊಂಡಳು.