ಎಡ ಅಂಗೈಯ ಅಂಕಿ

ಅಕ್ಟೋಬರ್ 17ರ ಬೆಳಿಗ್ಗೆ 11.15ಕ್ಕೆ ಕೊಹಿನೂರಿನ ದ್ರೌಪತಿ ಹುಮನಾಬಾದ್ ಠಾಣೆಗೆ ಬಂದಳು. ದೂರು ಬರೆಸುವ ಮೊದಲೇ ಪಿಎಸ್‌ಐ ಅಂಬರೀಷನನ್ನು ಒಂದು ಮಾತು ಕೇಳಿದಳು.

"ನನ್ನ ಮಗ ಅಳತಿ ನೋಡ್ದೆ ಟಾಕ್ಯಾಗ ಇಳದಾನಂತ ಬರ್ದೀರಂತಲ್ರಿ ಸಾಹೇಬ. ಹಂಗಂತ ಯಾರು ಹೇಳ್ಯಾರ?"

ಹೇಳಿದವರು ಕಾರ್ಖಾನೆಯವರು. ಅವಳ ಮಗ ಶೈಲೇಶ ಗುತ್ತಿಗೆ ಕೂಲಿ. ಮೂರು ದಿನದ ಹಿಂದೆ ಔಷಧ ಕಾರ್ಖಾನೆಯೊಂದರ ನಾಲ್ಕನೇ ಟ್ಯಾಂಕ್ ತೊಳೆಯಲು ಇಳಿದು ಉಸಿರುಗಟ್ಟಿ ಸತ್ತಿದ್ದ. ಒಳಗಿನ ಆಮ್ಲಜನಕ ಅಳೆಯದೆ ಇಳಿದ ಎಂದು ಸುರಕ್ಷತಾ ಅಧಿಕಾರಿ ಸಂತೋಷಕುಮಾರ ರಿಜಿಸ್ಟರ್ ತೋರಿಸಿದ್ದ. ಅಂಬರೀಷ ಅದನ್ನೇ ನಂಬಿ, ಆಕಸ್ಮಿಕ ಸಾವೆಂದು ಬರೆದು ಕೈ ತೊಳೆದುಕೊಂಡಿದ್ದ.

"ಅಳತಿ ನೋಡ್ಯಾನಂತ ನಿಮಗ ಹ್ಯಾಂಗ ಗೊತ್ತಾತವ್ವ?"

"ಎಡಗೈಯಾಗ ಬರ್ಕೊಂಡಿದ್ದ. ಮೈ ತೊಳಿಯಾಗ ನೋಡೀನ್ರಿ. ನನಗ ಓದಾಕ ಬರಲ್ಲ."

ಅಂಬರೀಷ ಶವ ಪಂಚನಾಮೆ ತೆಗೆದ. ಅವನದೇ ಅಕ್ಷರ: 'ಎಡ ಅಂಗೈಯಲ್ಲಿ ಶಾಯಿಯ ಗೀಟುಗಳು.' ಕಾನ್‌ಸ್ಟೆಬಲ್ ಸುಗ್ರಾ ಅದರ ಜೊತೆಗಿದ್ದ ಅಂಗೈಯ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಳು.

"ಗೀಟಲ್ರಿ ಸರ್, ಮರಾಠಿ ಅಂಕಿ. १३.२. ಹದಿಮೂರು ಪಾಯಿಂಟ್ ಎರಡು."

ಆಮ್ಲಜನಕ ಶೇಕಡಾ ಹತ್ತೊಂಬತ್ತೂವರೆಗಿಂತ ಕಡಿಮೆಯಿದ್ದರೆ ಯಾರೂ ಟ್ಯಾಂಕಿಗೆ ಇಳಿಯಬಾರದು. ಬಸವಕಲ್ಯಾಣದ ಮರಾಠಿ ಶಾಲೆಯಲ್ಲಿ ಓದಿದ ಹುಡುಗ ತನಗೆ ಬರುವ ಅಂಕಿಯಲ್ಲಿ ಬರೆದುಕೊಂಡಿದ್ದ. ಅಂಬರೀಷ ಅದನ್ನು ನೋಡಿದ್ದ, ಓದಿರಲಿಲ್ಲ. 12.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಜೊತೆಯ ಕೂಲಿ ಮಚ್ಚೇಂದ್ರ ಹೇಳಿಕೆ ಕೊಟ್ಟ.

"ಅಳತಿ ಆಫೀಸಿನ ಫೋನಿಗಿ ಮೆಸೇಜ್ ಮಾಡ್ತೀವ್ರಿ. ಕಡಿಮಿ ಇದ್ರ ಭೋಂಗಾ, ಅದ ಸೈರನ್, ತಾನ ಹೊಡಿತದ. ಐದು ಮಿನಿಟ್ ಹೊಡಿಲಿಲ್ಲಂದ್ರ ಇಳಿತೀವಿ."

"ಅವತ್ತು?"

"ಹೊಡಿಲಿಲ್ರಿ."

"ಎಷ್ಟಿರಬೇಕಂತ ನಿಮಗ್ಯಾರೂ ಹೇಳಿಲ್ಲೇನು?"

"ಭೋಂಗಾಕ್ಕ ಗೊತ್ತದ ಅಂದಾರ್ರಿ."

18ರಂದು 10.30ಕ್ಕೆ ಪಂಚರ ಸಮಕ್ಷಮ ಕಾರ್ಖಾನೆ ಆಫೀಸಿನ ಕಂಪ್ಯೂಟರ್ ಜಪ್ತಾಯಿತು. ಫೋನಿಗೆ ಬಂದ ಮೆಸೇಜ್ ಓದಿ ಭೋಂಗಾ ಊದಿಸುವ ಪ್ರೋಗ್ರಾಂ ಸಂತೋಷಕುಮಾರನೇ ಬರೆದದ್ದು. ಸುಗ್ರಾ ಅದರಲ್ಲಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಇದಕ್ಕ ರೆಗ್ಯುಲರ್ ಎಕ್ಸ್‌ಪ್ರೆಶನ್ ಅಂತಾರ್ರಿ ಸರ್. ಜರಡಿ ಇದ್ದಂಗ. ಮೆಸೇಜಿನಾಗಿನ ಮಾತೆಲ್ಲ ಬಿಟ್ಟು ಪಾಯಿಂಟ್ ಇರೋ ಅಂಕಿ ಅಷ್ಟ ಹಿಡಿತದ. 0ರಿಂದ 9, ಮತ್ತ ०ರಿಂದ ९."

"ಅಂದ್ರ ಮರಾಠಿ ಅಂಕೀನೂ ಹಿಡಿತದಲ್ಲ."

"ಈಗ ಹಿಡಿತದ್ರಿ. ಹಳೇ ಪ್ರತಿಯೊಳಗ ಬರೇ 0ರಿಂದ 9 ಅದ. ತಿದ್ದಿದ್ದು ಹದಿನಾಲ್ಕನೇ ತಾರೀಖಿಗಿ, ಸಂಜಿ 5.10ಕ್ಕ."

ಶೈಲೇಶ ಸತ್ತದ್ದು ಅದೇ ದಿನ ಬೆಳಿಗ್ಗೆ. ಕಂಪ್ಯೂಟರಿನ ದಾಖಲೆಯಲ್ಲಿ, ಅದಕ್ಕೂ ಮೊದಲು ಹನ್ನೊಂದು ದಿನ ಅವನು ಕಳಿಸಿದ ಅಳತೆಗಳ ಮುಂದೆ ಬರೀ ಖಾಲಿ ಜಾಗ. ಅಷ್ಟೂ ದಿನ ಯಂತ್ರ ಅವನ ಒಂದು ಅಂಕಿಯನ್ನೂ ಓದಿರಲಿಲ್ಲ, ಗಾಳಿ ಚೆನ್ನಾಗಿದ್ದುದರಿಂದ ಬದುಕಿದ್ದ ಅಷ್ಟೇ. ಹದಿನಾಲ್ಕರ ಮೆಸೇಜನ್ನು ಅಳಿಸಲಾಗಿತ್ತು. ಆದರೆ ಅಂದು ಬೆಳಿಗ್ಗೆ 10.42ಕ್ಕೆ ಅವನ ಫೋನಿನಿಂದ ಮೆಸೇಜ್ ಹೋಗಿದೆಯೆಂದು ಮೊಬೈಲ್ ಕಂಪನಿಯ ದಾಖಲೆ ಹೇಳಿತು.

ಸಂಜೆ 4.20ಕ್ಕೆ ಸಂತೋಷಕುಮಾರ ಬಸವಕಲ್ಯಾಣದ ತನ್ನ ಮನೆಯಲ್ಲೇ ಅಂಬರೀಷನಿಗೆ ಸಿಕ್ಕ.

"ಶೈಲೇಶ ಅಳತಿ ಕಳಿಸಿಲ್ಲಂದ್ರಿ."

"ಹೌದ್ರಿ. ಕಳಿಸಿಲ್ಲ."

"ಮತ್ತ ಅವತ್ತ ಸಂಜಿ ಮರಾಠಿ ಅಂಕಿ ಯಾಕ ಸೇರಿಸಿದ್ರಿ?"

"ಇನ್ನೊಬ್ಬ ಸಾಯಬಾರದಂತ್ರಿ."

ನಿರ್ಲಕ್ಷ್ಯದ ಸಾವು ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ದಾರಿಯಲ್ಲಿ ಅವನೇ ಹೇಳಿದ: ಚಿಕ್ಕವನಿದ್ದಾಗ ತಾನೂ ಎಣಿಸಲು ಕಲಿತದ್ದು ಅದೇ ಅಂಕಿಗಳಲ್ಲಿ. ಭೋಂಗಾ ಮಾಡಿದ್ದಕ್ಕೆ ಇಡೀ ಕಾರ್ಖಾನೆ ಶಾಲು ಹೊದಿಸಿ ಹೊಗಳಿತ್ತು. ಕಲಿತದ್ದನ್ನೇ ಮರೆತೆ ಎಂದು ಅವರ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ತಪ್ಪನ್ನು ಸತ್ತವನ ಮೇಲೆ ಹಾಕುವುದು ಸುಲಭವಾಯಿತು.

ಮರುದಿನ ಅಂಬರೀಷ ದ್ರೌಪತಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಹೊಸದಾಗಿ ಬರೆದ ಸಾಲನ್ನು ಓದಿ ಹೇಳಿದ: 'ಮೃತನು ಅಳತೆ ನೋಡಿ, ಎಡ ಅಂಗೈಯಲ್ಲಿ १३.२ ಎಂದು ಬರೆದುಕೊಂಡಿದ್ದನು.' ನಂತರ ತಡವರಿಸುತ್ತ ಅಂದ, "ನಾನು ಗೀಟು ಅನ್ಕೊಂಡಿದ್ದೆ. ತಪ್ಪಾತವ್ವ."

ಅವಳು ಕಾಗದದ ಮೇಲಿನ ಅಂಕಿಯನ್ನು ಮೆಲ್ಲಗೆ ಬೆರಳಿನಿಂದ ಮುಟ್ಟಿದಳು.

"ಬರ್ದಿದ್ದಂತ ನನಗ ಗೊತ್ತಿತ್ರಿ ಸಾಹೇಬ. ಮೈಯೆಲ್ಲ ತಿಕ್ಕಿ ತೊಳ್ದೆ. ಆ ಕೈ ಒಂದ ತಿಕ್ಕಲಿಲ್ಲ."