ಜಡೆ ಮುಟ್ಟಿದರೆ ಒಂದು ಬಿಲ್ಲೆ

“ಅವನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತೆ ಮಿಸ್. ಯಾರ ಮಾತನ್ನೂ ಕಿವಿ ಮೇಲೆ ಹಾಕಿಕೊಳ್ಳಲ್ಲ, ಅಷ್ಟೆ,” ಎಂದಳು ವಕೀಲಮ್ಮ.

ಡೇಕೇರ್ ಮಿಸ್ ನಗಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡು ನಿಧಾನವಾಗಿ ಮತ್ತೆ ಹೇಳಿದರು. ಹಿಂದಿನಿಂದ ಕರೆದರೆ ನಿನ್ನ ತಮ್ಮ ತಿರುಗುವುದಿಲ್ಲ. ಕತೆ ಹೇಳುವಾಗ ಎದ್ದು ಹೋಗುತ್ತಾನೆ. ನಾಲ್ಕು ತುಂಬಿದರೂ ಮಾತು ತೀರಾ ಕಡಿಮೆ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳು ಕಡಿಮೆ ಇರುವ ಇನ್ನೊಂದು ಡೇಕೇರ್ ಸೆಂಟರ್ ಇದೆ, ಬೇಕಾದರೆ ಅದನ್ನೂ ಯೋಚಿಸಬಹುದು.

ವಕೀಲಮ್ಮನ ಪಕ್ಕದಲ್ಲಿ ಅಮ್ಮ ನಗುಮುಖ ಮಾಡಿಕೊಂಡು ನಿಂತಿದ್ದಳು. ಅವಳಿಗೆ ಒಂದು ಮಾತೂ ಅರ್ಥವಾಗಿರಲಿಲ್ಲ.

“ಏನಂತೆ?” ಎಂದು ಕೇಳಿದಳು ಅಮ್ಮ.

“ಗುಂಡನಿಗೆ ಕಿವಿ ಚೆಕಪ್ ಮಾಡಿಸಬೇಕಂತೆ. ಎಲ್ಲಾ ಮಕ್ಕಳಿಗೂ ಮಾಡಿಸ್ತಾರಂತೆ,” ಎಂದಳು ವಕೀಲಮ್ಮ.

ಮಿಸ್ ಹೇಳಿದ್ದು ಒಂದು ಬುಟ್ಟಿ. ಅಮ್ಮನಿಗೆ ಸಿಕ್ಕಿದ್ದು ಒಂದು ಹಿಡಿ.

ವಕೀಲಮ್ಮ ಎನ್ನುವುದು ಅವಳ ನಿಜವಾದ ಹೆಸರಲ್ಲ. ಅದು ಅಪ್ಪ ಇಟ್ಟ ಹೆಸರು. ಅವರ ಕುಟುಂಬ ಈ ದೇಶಕ್ಕೆ ಬಂದು ಎರಡು ವರ್ಷವಾಗಿತ್ತು. ಇಲ್ಲಿನ ಭಾಷೆ ಶಾಲೆಯಲ್ಲಿ ಅವಳಿಗೆ ಬೇಗ ಬಂತು. ಅಪ್ಪ ಬ್ರೆಡ್ ಹಂಚುವ ವ್ಯಾನ್ ಓಡಿಸುತ್ತಾ ಅರ್ಧಂಬರ್ಧ ಕಲಿತ. ಅಮ್ಮ ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿ ಯಂತ್ರದ ಗದ್ದಲದಲ್ಲಿ ಯಾರು ಯಾರಿಗೆ ಏನು ಕಲಿಸಿಯಾರು? ಹಾಗಾಗಿ ಬ್ಯಾಂಕಿರಲಿ, ಅಂಗಡಿಯಿರಲಿ, ಶಾಲೆಯಿರಲಿ, ಮನೆಯವರೆಲ್ಲರ ಪರವಾಗಿ ವಾದಿಸುವವಳು ಇವಳೇ. ಹತ್ತು ವರ್ಷದ ವಕೀಲಮ್ಮ.

ಆದರೆ ವಕೀಲಮ್ಮನಿಗೆ ಒಂದು ಅಭ್ಯಾಸವಿತ್ತು. ಅಮ್ಮ ಬೆಂಡೆಕಾಯಿಯ ತುದಿ ತೊಟ್ಟು ತೆಗೆದುಹಾಕುವ ಹಾಗೆ, ಅವಳು ಮಾತಿನ ಎರಡೂ ಕಡೆ ಕತ್ತರಿಸಿಬಿಡುತ್ತಿದ್ದಳು. ಅಮ್ಮನಿಗೆ ಚಿಂತೆ ಹತ್ತಿಸುವ ತುಂಡು ಒಂದು ಕಡೆಯಿಂದ ಹೋಗುತ್ತಿತ್ತು. ತನಗೆ ನಾಚಿಕೆ ತರಿಸುವ ತುಂಡು ಇನ್ನೊಂದು ಕಡೆಯಿಂದ.

ಅವತ್ತು ಕತ್ತರಿಸಿದ ತುಂಡು ಮಾತ್ರ ಅವಳ ಹೊಟ್ಟೆಯಲ್ಲೇ ಉಳಿದುಕೊಂಡಿತು. ಇನ್ನೊಂದು ಸೆಂಟರ್. ಅದು ಊರಿನ ಆ ತುದಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಎರಡು ಬಸ್ ಬದಲಾಯಿಸಬೇಕು. ಗುಂಡನನ್ನು ಅಲ್ಲಿ ಬಿಟ್ಟು ಅಮ್ಮ ಲಾಂಡ್ರಿಗೆ ಹೊತ್ತಿಗೆ ಸರಿಯಾಗಿ ಹೋಗುವುದು ಸಾಧ್ಯವೇ ಇಲ್ಲ. ಅಂದರೆ ಅಮ್ಮ ಕೆಲಸ ಬಿಡಬೇಕು. ಗುಂಡ ಪರೀಕ್ಷೆಯಲ್ಲಿ ಫೇಲಾದರೆ ಆಗುವುದು ಅದೇ.

ಮನೆಗೆ ಬಂದವಳೇ ಅವಳು ಸ್ವಂತ ಪರೀಕ್ಷೆ ಮಾಡಿದಳು. ಕೈಯಲ್ಲಿ ಲೋಟ ಹಿಡಿದು ಗುಂಡನ ಮುಂದೆ ನಿಂತು, “ನೀರು ಬೇಕಾ?” ಎಂದಳು. ಗುಂಡ ತಲೆಯಾಡಿಸಿ ಲೋಟ ಇಸಿದುಕೊಂಡ. ಚೆಂಡು ತೋರಿಸಿ, “ಆಡೋಣ್ವಾ?” ಎಂದಳು. ಗುಂಡ ಚೆಂಡಿಗೆ ಕೈ ಚಾಚಿದ.

“ನೋಡಿದ್ಯಾ? ಎಲ್ಲಾ ಕೇಳಿಸುತ್ತೆ ಕಳ್ಳನಿಗೆ,” ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಆದರೂ ಧೈರ್ಯ ಸಾಲಲಿಲ್ಲ. ಈ ಗುಂಡನನ್ನು ನಂಬುವ ಹಾಗಿಲ್ಲ. ಮನಸ್ಸು ಬಂದರೆ ಮಾಡುತ್ತಾನೆ, ಇಲ್ಲದಿದ್ದರೆ ಆನೆ ಬಂದು ನಿಂತರೂ ತಿರುಗಿ ನೋಡುವುದಿಲ್ಲ. ಕಿವಿ ಪರೀಕ್ಷೆ ಹೇಗಿರುತ್ತದೆಂದು ವಕೀಲಮ್ಮನಿಗೆ ಗೊತ್ತಿತ್ತು. ಶಾಲೆಗೆ ಸೇರುವಾಗ ಅವಳಿಗೂ ಮಾಡಿದ್ದರು. ಸದ್ದು ಕೇಳಿದರೆ ಗುಂಡಿ ಒತ್ತಬೇಕು. ಚಿಕ್ಕ ಮಕ್ಕಳಾದರೆ ಡಬ್ಬಿಗೆ ಮರದ ಬಿಲ್ಲೆ ಹಾಕಬೇಕು.

ಸರಿ, ಕೋಚಿಂಗ್ ಶುರುವಾಯಿತು. ಬಿಲ್ಲೆಯ ಬದಲು ಅಂಗಿಯ ಹಳೇ ಗುಂಡಿಗಳು. ಡಬ್ಬಿಯ ಬದಲು ಟೀ ಕಪ್ಪು. ವಕೀಲಮ್ಮ ಎದುರಿಗೆ ಕೂತು ಜಡೆ ಮುಟ್ಟಿಕೊಂಡರೆ ಗುಂಡ ಒಂದು ಗುಂಡಿ ಹಾಕಬೇಕು. ಗುಂಡನಿಗೆ ಈ ಆಟ ಭಾರೀ ಹಿಡಿಸಿತು. ಒಂದು ಸಲವೂ ತಪ್ಪಲಿಲ್ಲ. ಕಣ್ಣು ಮಿಟುಕಿಸದೆ ಅಕ್ಕನನ್ನೇ ನೋಡುತ್ತಿದ್ದ.

“ಇದೇನು ಅಕ್ಕ-ತಮ್ಮನ ಜಡೆ ಪೂಜೆ?” ಎಂದ ಅಪ್ಪ.

“ಸುಮ್ಮನೆ ಆಟ,” ಎಂದಳು ವಕೀಲಮ್ಮ.

ಪರೀಕ್ಷೆಯ ದಿನ ಅಮ್ಮ ಲಾಂಡ್ರಿಗೆ ರಜೆ ಹಾಕಿದಳು. ಮಕ್ಕಳ ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನೈಲ್ ವಾಸನೆ. ಕಿವಿ ಡಾಕ್ಟರ್ ಎತ್ತರದ ಹೆಂಗಸು. ಕಾಲಿಗೆ ಓಡುವವರು ಹಾಕಿಕೊಳ್ಳುವಂಥ ಬಿಳಿ ಶೂ. ಅವರು ಕೈಕುಲುಕಿ ಒಳಗೆ ಕರೆದುಕೊಂಡು ಹೋಗಿ, ಮೇಜಿನ ಮೇಲೆ ಒಂದು ಫೋನ್ ಇಟ್ಟು ಸ್ಪೀಕರ್ ಹಾಕಿದರು.

“ನಮಸ್ಕಾರ ಮೇಡಂ,” ಎಂದಿತು ಫೋನು. ಹೆಂಗಸಿನ ದನಿ, ಅಚ್ಚ ಕನ್ನಡ. “ಡಾಕ್ಟರ್ ಹೇಳಿದ್ದನ್ನ ನಿಮಗೆ ಹೇಳ್ತೀನಿ, ನೀವು ಹೇಳಿದ್ದನ್ನ ಅವರಿಗೆ ಹೇಳ್ತೀನಿ. ಏನೂ ಬಿಡಲ್ಲ, ಏನೂ ಸೇರಿಸಲ್ಲ.”

ವಕೀಲಮ್ಮನ ಮುಖ ಬಿಸಿಯಾಯಿತು. ನಾನಿದ್ದೀನಲ್ಲ, ನನಗೆ ಎರಡೂ ಭಾಷೆ ಬರುತ್ತಲ್ಲ ಎಂದು ಡಾಕ್ಟರಿಗೆ ಹೇಳಿದಳು. ಇಲ್ಲಿ ಮಕ್ಕಳ ಕೈಯಲ್ಲಿ ಆ ಕೆಲಸ ಮಾಡಿಸುವುದಿಲ್ಲ ಎಂದರು ಡಾಕ್ಟರ್. “ಇವತ್ತು ನಿನಗೂ ರಜೆ. ಸುಮ್ಮನೆ ಅಕ್ಕ ಆಗಿ ಕೂತಿರು.”

ಅಮ್ಮ ಮೊದಲು ಫೋನಿನ ಕಡೆ ಅನುಮಾನದಿಂದ ನೋಡಿದಳು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮಾತಾಡಿದಳು. ವಕೀಲಮ್ಮ ಬೆರಗಾಗುವಷ್ಟು ಮಾತಾಡಿದಳು. ಗುಂಡನಿಗೆ ಯಾವಾಗ ಜ್ವರ ಬಂದಿತ್ತು, ಯಾವ ಕಿವಿ ಹಿಡಿದುಕೊಂಡು ಅತ್ತ, ಮಿಕ್ಸಿ ತಿರುಗಿದರೂ ನಿದ್ದೆಯಿಂದ ಏಳುವುದಿಲ್ಲ ಎನ್ನುವುದು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು.

“ನನಗೆ ಮುಂಚೆಯೇ ಅನುಮಾನ ಇತ್ತು,” ಎಂದಳು ಕೊನೆಗೆ. “ಚಳಿಗಾಲದಲ್ಲೇ ಡೇಕೇರ್ ಮಿಸ್‌ಗೆ ಹೇಳಿಸಿದ್ದೆ. ಅವರು ಏನೂ ಇಲ್ಲ ಅಂದ್ರಂತೆ.”

ವಕೀಲಮ್ಮ ತನ್ನ ಶೂ ನೋಡಿಕೊಂಡಳು. ಆ ಸಂಜೆ ಚೆನ್ನಾಗಿ ನೆನಪಿತ್ತು. ಗೇಟಿನ ಹತ್ತಿರ ಅವಳ ಕ್ಲಾಸಿನ ಹುಡುಗಿಯರು ನಿಂತಿದ್ದರು. ಅವರೆದುರು ತಮ್ಮನ ಕಿವಿಯ ವಿಷಯ ಎತ್ತಲು ನಾಚಿಕೆಯಾಗಿತ್ತು. ಗುಂಡ ಇವತ್ತು ಊಟ ಮಾಡಿದನಾ ಎಂದಷ್ಟೇ ಮಿಸ್ ಹತ್ತಿರ ಕೇಳಿದ್ದಳು. ಮಾಡಿದ, ಏನೂ ತೊಂದರೆಯಿಲ್ಲ ಎಂದು ಅವರು ಹೇಳಿದ್ದರು.

ಪರೀಕ್ಷೆಯ ಕೋಣೆಯ ಗೋಡೆಗಳಿಗೆ ದಪ್ಪನೆಯ ಸ್ಪಂಜಿನ ಹೊದಿಕೆ. ಬಾಗಿಲು ಹಾಕಿದೊಡನೆ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಗುಂಡ ಪುಟ್ಟ ಕುರ್ಚಿಯಲ್ಲಿ ಕೂತ. ಅವನ ಎರಡು ಪಕ್ಕದಲ್ಲೂ ಸ್ಪೀಕರು, ಮುಂದೆ ಬಣ್ಣದ ಬಿಲ್ಲೆ ಮತ್ತು ಡಬ್ಬಿ. ಡಾಕ್ಟರ್ ಮೂಲೆಯಲ್ಲಿ ಯಂತ್ರದ ಹಿಂದೆ. ಅಮ್ಮ ಗೋಡೆಯ ಪಕ್ಕದಲ್ಲಿ. ವಕೀಲಮ್ಮ ಲೆಕ್ಕಾಚಾರ ಹಾಕಿ, ಗುಂಡನಿಗೆ ನೇರವಾಗಿ ಕಾಣಿಸುವ ಕುರ್ಚಿಯಲ್ಲೇ ಕೂತಳು.

ಕೂ ಎಂದು ಜೋರಾದ ಸದ್ದು ಬಂತು. ಗುಂಡ ತಾನೇ ಬಿಲ್ಲೆ ಹಾಕಿದ. ಇನ್ನೊಂದು ಬಂತು, ಇನ್ನೊಂದು ಬಿಲ್ಲೆ. ವಕೀಲಮ್ಮನ ಎದೆ ಹಗುರವಾಯಿತು.

ಸದ್ದು ಸಣ್ಣದಾಯಿತು. ಗುಂಡ ಬಿಲ್ಲೆ ಹಿಡಿದು ಅಕ್ಕನನ್ನು ನೋಡಿದ. ಅವಳು ಜಡೆ ಮುಟ್ಟಿಕೊಂಡಳು. ಬಿಲ್ಲೆ ಡಬ್ಬಿಗೆ ಬಿತ್ತು. ಸದ್ದು ಇನ್ನೂ ಸಣ್ಣದಾಯಿತು. ಜಡೆ. ಬಿಲ್ಲೆ. ಗುಂಡ ಹಲ್ಲು ಕಿರಿದ.

ಆಮೇಲೆ ಸ್ವಲ್ಪ ಹೊತ್ತು ಯಾವ ಸದ್ದೂ ಬರಲಿಲ್ಲ. ಜಡೆಯಿಂದ ಬಿಡಿಸಿಕೊಂಡ ಒಂದು ಕೂದಲೆಳೆ ವಕೀಲಮ್ಮನ ಕುತ್ತಿಗೆಗೆ ಕಚಗುಳಿ ಇಟ್ಟಿತು. ಅವಳು ಮರೆತು ಕೈ ಎತ್ತಿ ಅದನ್ನು ಸರಿಮಾಡಿಕೊಂಡಳು.

ಟಕ್. ಗುಂಡ ಬಿಲ್ಲೆ ಹಾಕಿದ.

ಡಾಕ್ಟರ್ ತಲೆಯೆತ್ತಿ ಡಬ್ಬಿ ನೋಡಿದರು, ಗುಂಡನನ್ನು ನೋಡಿದರು.

ವಕೀಲಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಮತ್ತೊಂದು ಸದ್ದು ಬಂತು. ಪಕ್ಕದ ಮನೆಯಲ್ಲಿ ಯಾರೋ ಲೋಟಕ್ಕೆ ಚಮಚ ತಾಗಿಸಿದ ಹಾಗೆ, ಸಣ್ಣದು, ಆದರೆ ಸ್ಪಷ್ಟ. ಅವಳು ಕೈ ತೆಗೆಯಲಿಲ್ಲ. ಹಾಕು ಗುಂಡಾ, ಕೇಳಿಸುತ್ತಲ್ಲ, ನೀನೇ ಹಾಕು ಎಂದು ಮನಸ್ಸಿನಲ್ಲೇ ಹೇಳಿದಳು.

ಗುಂಡ ಬಿಲ್ಲೆಯನ್ನು ಎತ್ತಿ ಹಿಡಿದು ಕಾಯುತ್ತಿದ್ದ. ಸದ್ದು ಮತ್ತೆ ಬಂತು. ಅವನು ಕಾದ. ಇನ್ನೊಮ್ಮೆ ಬಂತು. ಅವನ ಮುಖದಲ್ಲಿ ತುಂಟತನವಿರಲಿಲ್ಲ, ಹಟವಿರಲಿಲ್ಲ. ಬಸ್ಸು ಇನ್ನೂ ಬಂದೇ ಇಲ್ಲ ಎನ್ನುವವರ ಹಾಗೆ ಅವನು ಅವಳ ಜಡೆಯನ್ನೇ ನೋಡುತ್ತಿದ್ದ.

ವಕೀಲಮ್ಮನಿಗೆ ಲೋಟ ನೆನಪಾಯಿತು. ನೀರು ಬೇಕಾ ಎಂದಾಗ ಕೈಯಲ್ಲಿ ಲೋಟ ಹಿಡಿದಿದ್ದಳು. ಆಡೋಣ್ವಾ ಎಂದಾಗ ಚೆಂಡು ಹಿಡಿದಿದ್ದಳು. ಅವಳು ಏನು ಹೇಳಿದರೂ ಗುಂಡ ಅವಳ ತೋಳು ಹಿಡಿದುಕೊಂಡು ಮುಖ ನೋಡುತ್ತಿದ್ದ. ಅಕ್ಕನ ಬಾಲ ಎಂದು ಎಲ್ಲರೂ ನಗುತ್ತಿದ್ದರು.

ಈಗಲೂ ಜಡೆ ಮುಟ್ಟಿಬಿಡಬಹುದಿತ್ತು. ಮುಟ್ಟಿದರೆ ಗುಂಡ ಪಾಸು, ಅಮ್ಮನ ಕೆಲಸ ಉಳಿಯುತ್ತದೆ. ಮುಟ್ಟಿದರೆ ಗುಂಡನಿಗೆ ಈ ಸದ್ದು ಯಾವತ್ತೂ ಕೇಳಿಸುವುದಿಲ್ಲ.

ಅವಳು ಎದ್ದು ನಿಂತಳು.

“ಅವನು ನನ್ನನ್ನ ನೋಡಿ ಹಾಕ್ತಿದಾನೆ,” ಎಂದಳು ಡಾಕ್ಟರಿಗೆ. “ನಾನೇ ಹೇಳಿಕೊಟ್ಟಿದ್ದು.”

ಡಾಕ್ಟರ್ ಬೈಯಲಿಲ್ಲ. ಹಾಗಾದರೆ ಮೊದಲಿಂದ ಶುರು ಮಾಡೋಣ ಎಂದು ಅವಳ ಕುರ್ಚಿಯನ್ನು ಎತ್ತಿ ಗುಂಡನ ಬೆನ್ನ ಹಿಂದೆ ಇಟ್ಟರು. ಅಲ್ಲಿಂದ ಅವಳಿಗೆ ಗುಂಡನ ಕತ್ತು, ಎರಡು ಪುಟ್ಟ ಕಿವಿ ಮಾತ್ರ ಕಾಣುತ್ತಿದ್ದವು. ಚಮಚದಂಥ ಸದ್ದು ಬಂತು, ಹೋಯಿತು. ಕತ್ತು ಅಲುಗಲಿಲ್ಲ.

ಆಮೇಲೆ ಡಾಕ್ಟರ್ ಗುಂಡನ ಕಿವಿಗೆ ಮೆತ್ತನೆಯ ತುದಿಯ ಸಣ್ಣ ಕೊಳವೆ ಇಟ್ಟರು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಗೆರೆ ಗುಡ್ಡದ ಹಾಗೆ ಎದ್ದು ಇಳಿಯಬೇಕಂತೆ. ಗುಂಡನದು ಮೇಜಿನ ಹಾಗೆ ಮಟ್ಟಸವಾಗಿತ್ತು. ಇನ್ನೊಂದು ಕಿವಿಯದೂ ಹಾಗೇ.

ಫೋನು ಅಮ್ಮನಿಗೆ ಎಲ್ಲವನ್ನೂ ಹೇಳಿತು. ಕಿವಿಯ ತಮಟೆಯ ಹಿಂದೆ ಗಾಳಿ ಇರಬೇಕು. ಇವನಿಗೆ ಅಲ್ಲಿ ಅಂಟು ನೀರು ತುಂಬಿಕೊಂಡಿದೆ, ಅದಕ್ಕೇ ತಮಟೆ ಸರಿಯಾಗಿ ಅಲುಗಾಡುತ್ತಿಲ್ಲ. ಬಕೆಟ್ಟಿನಲ್ಲಿ ತಲೆ ಮುಳುಗಿಸಿದಾಗ ಹೊರಗಿನ ಮಾತು ಹೇಗೆ ಕೇಳಿಸುತ್ತದೋ ಇವನಿಗೆ ದಿನವಿಡೀ ಹಾಗೆ. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ. ಎಷ್ಟೋ ಸಲ ತಾನೇ ಆರುತ್ತದೆ. ಕೆಲವು ತಿಂಗಳು ನೋಡಿ, ಆರದಿದ್ದರೆ ಸಣ್ಣದೊಂದು ಆಪರೇಷನ್. ಅಲ್ಲಿಯವರೆಗೆ ಅವನ ಎದುರಿಗೆ ಬಂದು, ಮುಖ ತೋರಿಸಿ ಮಾತಾಡಿ.

ಅಮ್ಮ ಕಣ್ಣೊರೆಸಿಕೊಂಡು, ಇನ್ನೇನು ಕೇಳಬೇಕೋ ತಿಳಿಯದೆ ಗುಂಡನನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೇಳಬೇಕಾದ ಪ್ರಶ್ನೆ ವಕೀಲಮ್ಮನ ಹೊಟ್ಟೆಯಲ್ಲಿತ್ತು.

ಡಾಕ್ಟರನ್ನು ಅವಳು ಅವರ ಭಾಷೆಯಲ್ಲೇ ಕೇಳಬಹುದಿತ್ತು. ಅಮ್ಮನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಅವಳು ಫೋನಿನ ಕಡೆ ಬಗ್ಗಿದಳು.

“ಆಂಟಿ, ಒಂದು ಮಾತು ಕೇಳಿ ಹೇಳ್ತೀರಾ?” ಎಂದಳು ಕನ್ನಡದಲ್ಲಿ. “ಗುಂಡನಿಗೆ ಹಿಂದಿನಿಂದ ಕರೆದರೆ ಕೇಳಿಸಲ್ಲ, ಮಾತೂ ಕಡಿಮೆ, ಬೇರೆ ಸೆಂಟರಿಗೆ ಕಳಿಸೋದನ್ನ ಯೋಚಿಸಬಹುದು ಅಂತ ಡೇಕೇರ್ ಮಿಸ್ ಹೇಳಿದ್ರು. ನಾನು ಅಮ್ಮನಿಗೆ ಹೇಳಿರಲಿಲ್ಲ. ಅವನು ಅಲ್ಲಿಗೆ ಹೋಗಲೇಬೇಕಾ?”

ಅಮ್ಮ ಅವಳ ಕಡೆ ತಿರುಗಿದಳು. ಫೋನು ಏನೂ ಬಿಡದೆ, ಏನೂ ಸೇರಿಸದೆ ಡಾಕ್ಟರಿಗೆ ಹೇಳಿತು. ಡಾಕ್ಟರ್ ಹೇಳಿದ್ದನ್ನು ಅಮ್ಮನಿಗೆ ಹೇಳಿತು. ಅದನ್ನು ತೀರ್ಮಾನಿಸುವವಳು ನಾನಲ್ಲ. ಆದರೆ ಇವತ್ತೇ ಮಿಸ್ ಜೊತೆ ಮಾತಾಡುತ್ತೇನೆ. ಮುಂದೆ ಕೂರಿಸಿ, ಮುಖ ನೋಡಿ ಮಾತಾಡಿದರೆ ಇಂಥ ಮಕ್ಕಳು ಸಾಮಾನ್ಯವಾಗಿ ಇದ್ದಲ್ಲೇ ಕಲಿಯುತ್ತಾರೆ.

ಬಸ್ಸಿನಲ್ಲಿ ಅಮ್ಮ ಮಗಳ ಪಕ್ಕದಲ್ಲಿ ಕೂತಳು. ಗುಂಡ ಕಿಟಕಿಗೆ ಮೂಗು ಒತ್ತಿಕೊಂಡಿದ್ದ.

“ಚಳಿಗಾಲದಲ್ಲಿ ಮಿಸ್‌ಗೆ ನೀನು ಹೇಳಿರಲಿಲ್ಲ, ಅಲ್ವಾ?” ಎಂದಳು ಅಮ್ಮ.

“ಇಲ್ಲ.”

ಅಮ್ಮ ಕಿಟಕಿಯ ಕಡೆ ನೋಡಿದಳು. ಅವಳ ಮುಖ ಬಾಡಿತ್ತು. ಆಮೇಲೆ ಮಗಳ ಬಿಚ್ಚಿಹೋಗಿದ್ದ ಜಡೆಯನ್ನು ಕೈಗೆ ತೆಗೆದುಕೊಂಡು ಮತ್ತೆ ಹೆಣೆಯತೊಡಗಿದಳು. “ಮನೆಯ ಮಾತನ್ನೆಲ್ಲ ನಿನ್ನ ತಲೆ ಮೇಲೆ ಹೊರಿಸಿಬಿಟ್ಟಿದ್ದೀವಿ ಕಣೇ. ಲಾಂಡ್ರಿ ಪಕ್ಕದಲ್ಲಿ ಸಂಜೆ ಭಾಷೆ ಕ್ಲಾಸ್ ಇದೆಯಂತೆ. ನಾನೂ ಸೇರ್ತೀನಿ.”

ಬಸ್ ಇಳಿದೊಡನೆ ಗುಂಡ ಪಾರಿವಾಳಗಳ ಹಿಂದೆ ಓಡಿದ. “ಗುಂಡಾ...” ಎಂದು ಕೂಗಲು ಬಾಯಿ ತೆರೆದ ವಕೀಲಮ್ಮ ತಟ್ಟನೆ ಬಾಯಿ ಮುಚ್ಚಿದಳು. ಓಡಿಹೋಗಿ ಅವನನ್ನು ದಾಟಿ, ಎದುರಿಗೆ ಮಂಡಿಯೂರಿ ಕೂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನೀರು ಬೇಕಾ?”

ಗುಂಡ ಅವಳ ಕೈ ಹುಡುಕಿದ. ಕಾಣಲಿಲ್ಲ. ಜಡೆ ನೋಡಿದ. ಆಮೇಲೆ ಅವಳ ತುಟಿ ನೋಡಿದ. ಅವಳು ಮತ್ತೆ ಕೇಳಿದಳು, ನಿಧಾನವಾಗಿ.

“ಬೇಡ. ಎತ್ತಿಕೋ,” ಎಂದ ಗುಂಡ.

ಹಿಂದಿನಿಂದ ಅಮ್ಮ ಬಂದಳು. “ಏನಂತೆ?” ಎಂದು ಮಗಳನ್ನು ಕೇಳಿದಳು.

ವಕೀಲಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ಮುಂದೆ ಬಾಮ್ಮ,” ಎಂದಳು. “ಅವನೇ ಹೇಳ್ತಾನೆ.”